ಹೆಬ್ಬೆರಳಿಗೆ ಬುದ್ಧಿ ಬರಲು ಎಂಟು ತಿಂಗಳು

ಈ ಸಲ ಹೊಸತೊಡಕಿಗೆ ನಮ್ಮ ಮನೆಗೆ ಮಟನ್ ಬರಲಿಲ್ಲ. ಎರಡು ಕೆಜಿ ಮೇಲೆ ತೂಗಿದ ಕೊರವ ಮೀನೇ ಸಾರಾಯ್ತು. ಹಿಡಿದದ್ದು ಬೇಟ್‌ಕಾಸ್ಟರ್ ರೀಲಿನಲ್ಲಿ, ಮೀನನ್ನು ಮರುಳು ಮಾಡೋ 12 ಗ್ರಾಂ ರಬ್ಬರ್ ಕಪ್ಪೆಗೆ, ಎಳೆ ಹೆಣೆದ ಬ್ರೇಡ್ ದಾರದಲ್ಲಿ. ಬೇಟ್‌ಕಾಸ್ಟರ್ ಅಂದ್ರೆ ಎಸೆದಾಗ ದಾರದ ಉರುಳೆ, ಅಂದ್ರೆ ಸ್ಪೂಲು, ತಾನೇ ತಿರುಗೋ ರೀಲು; ದಾರ ಹೋಗೋದಕ್ಕಿಂತ ಸ್ಪೂಲು ಜೋರಾಗಿ ತಿರುಗಿತೋ, ಸಿಕ್ಕು. ಸ್ಪಿನ್ನಿಂಗ್ ರೀಲಿನಲ್ಲಿ ಎಸೆವಾಗ ಸ್ಪೂಲು ತಿರುಗೋಲ್ಲ. ಅಗ್ಗದ ರೀಲು, ಹಗುರ ಕಪ್ಪೆ, ಬ್ರೇಡ್ ದಾರ, ಈ ಮೂರೂ ಒಟ್ಟಿಗೆ ಕೂಡಿ ಬರೋದೇ ಇಲ್ಲ ಅಂತ ನಮ್ಮ ಗಾಳದ ಗುಂಪಿನವರು ಬೆಟ್ ಕಟ್ಟಿದ್ದರು. ಅದಕ್ಕೇ ಬರೀತಿದ್ದೀನಿ. ಸ್ಪಿನ್ನಿಂಗ್ ರೀಲು ಹಿಡಿದು ಪಳಗಿದವರಿಗೆ ಇದು, ಅ ಆ ಇ ಈ ಇಂದ ಹೇಳೋಕೆ ನನಗೆ ತಾಳ್ಮೆ ಇಲ್ಲ.

ನನ್ನದು ಮಂಡ್ಯದ ಪೇಟೆ ಬೀದಿ ಹತ್ತಿರ ಗಡಿಯಾರ ರಿಪೇರಿ ಅಂಗಡಿ, ಅಪ್ಪನ ಕಾಲದ್ದು. ಹೇರ್‌ಸ್ಪ್ರಿಂಗ್ ಬಿಡಿಸೋ ಕೈಗೆ ಮೀನಿನ ರೀಲು ಯಾವ ಲೆಕ್ಕ ಅನ್ನೋ ಕೊಬ್ಬು ಇತ್ತು. ಈ ಬೇಟ್‌ಕಾಸ್ಟರಿನ ಅಜ್ಜ, ಕೆಂಟಕಿ ರೀಲು ಅಂತ ಹೆಸರಾದದ್ದನ್ನು ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಾಡಿದ ಅಮೆರಿಕದ ಜಾರ್ಜ್ ಸ್ನೈಡರ್ ಕೂಡ ನಮ್ಮ ಕಸುಬಿನವನೇ. ರೀಲಿಗೆ ಹೆಸರಾದ ಸ್ವೀಡನ್ನಿನ ಅಬು ಕಂಪನಿ 1921ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಗಡಿಯಾರದ ಫ್ಯಾಕ್ಟರಿ ಅಂತ ಇತ್ತು. ಇದೆಲ್ಲ ಓದಿಕೊಂಡು, ಇದು ನಮ್ಮ ಜಾತಿ ಮಿಷನ್ನೇ ಅಂತ ಮೀಸೆ ತಿರುವಿಕೊಂಡಿದ್ದೆ.

ಮೊದಲ ದಿನವೇ ಮೀಸೆ ಇಳೀತು. 150 ಮೀಟರ್ ತಂಗೂಸ್ ಸ್ಪೂಲಿನ ಅಂಚಿಗೆ ಸಮ ಆಗೋ ಹಾಗೆ ಸುತ್ತಿದ್ದೆ, ತುಂಬಿದಷ್ಟೂ ದೂರ ಹೋಗುತ್ತೆ ಅಂದುಕೊಂಡು. ಮನೆ ತಾರಸಿ ಮೇಲೆ ಒಂದೇ ಒಂದು ಬೀಸು. ಸೀಸದ ಗುಂಡು ನಾಲ್ಕು ಮಾರು ಹೋಯ್ತು, ದಾರ ಮಾತ್ರ ಅಲ್ಲೇ ರೀಲಿನ ಮೇಲೆ ಹುರಿಗಾಳಿನ ಥರ ಉಕ್ಕಿ ಬಂತು. ಐಗ್ಲಾಸ್ ಹಾಕಿಕೊಂಡು, ಚಿಮಟ ಹಿಡಿದು ಮುಕ್ಕಾಲು ಗಂಟೆ ಸಿಕ್ಕು ಬಿಡಿಸಿದೆ. ನನ್ನ ಹೆಂಡತಿ ಬಟ್ಟೆ ಒಣಗಿಸೋಕೆ ಬಂದವಳು, "ಜಡೆ ಹೆಣೆಯೋದು ಯಾವಾಗ ಕಲಿತ್ರಿ?" ಅಂದಳು. ಕೊನೆಗೆ ಕತ್ತರಿಯೇ ಗತಿ.

ಆಮೇಲೆ ಎಲ್ಲರೂ ಮಾಡೋ ತಪ್ಪನ್ನೇ ಮಾಡಿದೆ. ಹಿಡಿಕೆ ಕಡೆಯ ಟೆನ್ಷನ್ ಗುಬ್ಬಿಯನ್ನು, ಅಂದ್ರೆ ಸ್ಪೂಲಿನ ಓಟ ಬಿಗಿಸೋ ತಿರುಪನ್ನು, ಬಿಗಿದು ಕೂತೆ. ಸಿಕ್ಕು ನಿಂತಿತು, ಎಸೆತವೂ ನಿಂತಿತು. ಐದು ಮಾರು, ಆರು ಮಾರು. ಅಷ್ಟಕ್ಕೆ ರೀಲು ಯಾಕೆ ಬೇಕು, ಗೋಲಿ ಆಡೋ ಹುಡುಗ್ರು ಅದಕ್ಕಿಂತ ದೂರ ಎಸೀತಾರೆ.

ಯಂತ್ರದಲ್ಲೇ ಏನೋ ಐಬಿದೆ ಅಂತ ನನ್ನ ತಲೆ ಓಡಿತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಸ್ಪೂಲಿನ ಎರಡೂ ಬೇರಿಂಗ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆ. ಕಂಪನಿ ಎಣ್ಣೆಯಲ್ಲಿ ಸ್ಪೂಲನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಹತ್ತು ಹನ್ನೊಂದು ಸೆಕೆಂಡು ತಿರುಗ್ತಿತ್ತು. ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಿಟ್ಟರೆ ಹದಿನೆಂಟರ ಹತ್ತಿರ. ಗಡಿಯಾರದ ಎಣ್ಣೆ ಸೂಜಿ ಮೊನೆಯಷ್ಟು ಮುಟ್ಟಿಸಿದರೆ ಇಪ್ಪತ್ತೈದು. ಎಣ್ಣೆಯೇ ಇಲ್ಲದೆ ನಲವತ್ತು ದಾಟಿತು, ಆದರೆ ಮಿಡತೆ ಥರ ಕಿರ್ರೋ ಅಂತ ಕೂಗ್ತು. ನನಗೋ ಖುಷಿಯೋ ಖುಷಿ. ಮರುದಿನ ಎಸೆದಾಗ ಗೊತ್ತಾಯ್ತು, ಸ್ಪೂಲು ಹಗುರಾಗಿ ತಿರುಗಿದಷ್ಟೂ ಸಿಕ್ಕು ದೊಡ್ಡದು. ಕುದುರೆಗೆ ಬೆಲ್ಲ ತಿನ್ನಿಸಿ ಲಗಾಮು ಬಿಚ್ಚಿದ ಹಾಗೆ. ಇನ್ನೊಂದು ಸಲ ಹಳೇ ಇಯರ್‌ಫೋನಿನ ಚಿಕ್ಕ ಆಯಸ್ಕಾಂತಗಳನ್ನು, ಸ್ಪೂಲಿನ ಓಟ ತಡೆಯೋ ಬ್ರೇಕಿನ ಕಡೆ ಅಂಟಿಸಿ ನೋಡಿದೆ. ಎಸೆದ ಗುಂಡು ಕಾಲ ಬುಡದಲ್ಲೇ ಬಿತ್ತು. ಅಂಟು ಕೀಳೋಕೆ ಹೋಗಿ ಪಕ್ಕದ ಮುಚ್ಚಳ ಸೀಳಿತು.

ದುಡ್ಡಿನ ಮಾತು ಹೇಳಿಬಿಡ್ತೀನಿ. ರೀಲು 2,800, ರಾಡು 1,900 ಚಿಲ್ಲರೆ. ತಂಗೂಸ್ ಮೂರು ಸಲ, ಬ್ರೇಡ್ ಎರಡು ಸಲ, ಅದರಲ್ಲೇ ಎರಡೂವರೆ ಸಾವಿರ ಮಣ್ಣುಪಾಲು. ಒಂದಕ್ಕೆ 300 ರೂಪಾಯಿಯ ಕಪ್ಪೆಗಳು ಏಳೋ ಎಂಟೋ ಜೊಂಡಿನ ಪಾಲು. ದಾರ ಸಿಕ್ಕಾಗಿ ಗಕ್ಕನೆ ನಿಂತರೆ ಕಪ್ಪೆ ಮಾತ್ರ ಗಂಟು ಕಿತ್ತುಕೊಂಡು ಹಾರಿ ಹೋಗುತ್ತೆ, ನೋಡೋಕೆ ಚಂದ. ಮುಚ್ಚಳ ಸೀಳಿದ್ದಕ್ಕೆ ಬಿಡಿಭಾಗ ಸಿಗಲಿಲ್ಲ, ಮಾರಿದವರು ಫೋನೇ ಎತ್ತಲಿಲ್ಲ, ಎಂ-ಸೀಲ್ ಮೆತ್ತಿದೆ. ಎಲ್ಲ ಸೇರಿ ಹತ್ತು ಸಾವಿರ ಆಯ್ತು ಅನ್ನಿ. ಮನೇಲಿ ಆರು ಅಂತ ಹೇಳಿದ್ದೀನಿ.

ದಾರಿ ಸಿಕ್ಕಿದ್ದು ಪಾಂಡವಪುರ ಕಡೆಯ ಒಂದು ಕೆರೆ ಏರಿ ಮೇಲೆ. ಕೆರೆ ಹರಾಜು ಹಿಡಿದವರನ್ನು ಕೇಳಿಕೊಂಡೇ ಹೋಗ್ತೀನಿ. ಊರಿನ ಹೆಸರು ಬರೆಯೋಲ್ಲ, ಬರೆದರೆ ಮುಂದಿನ ಭಾನುವಾರ ನನಗೇ ನಿಲ್ಲೋಕೆ ಜಾಗ ಇರಲ್ಲ. ಅಲ್ಲೊಬ್ಬ ತಾತ ಬರ್ತಾರೆ. ರಾಡಿಲ್ಲ, ರೀಲಿಲ್ಲ, ಹಾಲಿನ ಪುಡಿ ಡಬ್ಬಕ್ಕೆ ತಂಗೂಸ್ ಸುತ್ತಿಕೊಂಡು, ರಾಗಿ ಉಂಡೆ ಕಟ್ಟಿದ ಗಾಳವನ್ನು ತಲೆ ಮೇಲೆ ಎರಡು ಸುತ್ತು ತಿರುಗಿಸಿ ಬಿಟ್ಟರೆ ಹದಿನೈದು ಮಾರು. ಕಾವೇರೀಲಿ ರಾಗಿ ಉಂಡೆಗೇ ಬಿಳಿಮೀನು, ಅಂದ್ರೆ ಮಹಶೀರ್, ಹಿಡೀತಿದ್ದ ಕಾಲದ ಕಥೆ ಅವರ ಬಾಯಲ್ಲಿ ಮುಗಿಯೋಲ್ಲ. ಬೇಟೆ ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸೋ ಕಸುಬಿನ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದನ್ನು ನಾನು ಹೇಳಿದರೆ, "ಅಷ್ಟೇಯಾ?" ಅಂದ್ರು.

ನನ್ನ ರೀಲು ನೋಡಿ ತಾತ ನಕ್ಕಿದ್ದು ಅಷ್ಟಿಷ್ಟಲ್ಲ. "ಏನ್ಲಾ ಮಗ, ಮೀನ್ ಹಿಡಿಯಕ್ ಬಂದ್ಯೋ, ಗೀಜಗನ ಗೂಡು ಕಟ್ಟಕ್ ಬಂದ್ಯೋ?"

ಸಿಕ್ಕು ಬಿಡಿಸ್ತಾ ಅವರ ಕೈ ನೋಡ್ತಾ ಕೂತೆ. ಡಬ್ಬದಿಂದ ದಾರ ಹೋಗುವಾಗ ಎಡಗೈ ಬೆರಳೊಂದು ದಾರವನ್ನು ಸವರಿಕೊಂಡೇ ಇತ್ತು. ಉಂಡೆ ನೀರು ಮುಟ್ಟೋಕೆ ಒಂದು ಕ್ಷಣ ಮುಂಚೆ ಆ ಬೆರಳು ಒತ್ತಿತು. ದಾರ ನೆಟ್ಟಗೆ ಬಿತ್ತು, ಒಂದು ಸುರುಳಿ ಹೆಚ್ಚು ಬರಲಿಲ್ಲ. ನಾನು ಎರಡು ತಿಂಗಳು ಬ್ರೇಕಿನ ಗುಬ್ಬಿಯಲ್ಲಿ ಹುಡುಕಿದ್ದು ಅಲ್ಲಿತ್ತು.

ಅಂಗಡಿಗೆ ಬಂದು ಎಲ್ಲ ಹೊಸದಾಗಿ ಹೊಂದಿಸಿದೆ. ಟೆನ್ಷನ್ ಗುಬ್ಬಿ ಸ್ಪೂಲು ಅಡ್ಡಡ್ಡ ಅಲ್ಲಾಡದಷ್ಟು ಮಾತ್ರ, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಅದನ್ನು ಮತ್ತೆ ಮುಟ್ಟಲೇ ಇಲ್ಲ. ಆಯಸ್ಕಾಂತದ ಬ್ರೇಕು ಹತ್ತರಲ್ಲಿ ಎಂಟು. ದಾರ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ. ಇನ್ನೊಂದು ಉಪಾಯ, ಇದಕ್ಕೆ ನನಗೆ ಯಾರಾದರೂ ಹಾರ ಹಾಕಬೇಕು: ಇಪ್ಪತ್ತು ಮಾರು ದಾರ ಎಳೆದು ಹೊರಗಿಟ್ಟು, ಉಳಿದ ಸುತ್ತಿನ ಮೇಲೆ ಎಲೆಕ್ಟ್ರಿಕ್ ಟೇಪಿನ ತುಂಡು ಅಂಟಿಸಿ, ಅದರ ಮೇಲೆ ಮತ್ತೆ ಸುತ್ತಿದೆ. ಎಷ್ಟೇ ಸಿಕ್ಕಾದರೂ ಟೇಪಿನ ಕೆಳಗೆ ಇಳಿಯೋಲ್ಲ. ಮೀನು ಓಡಿದ್ರೆ ಟೇಪು ಅಡ್ಡ ಬರುತ್ತೆ ಅಂತಾರೆ, ಕಲಿಯೋವಾಗ ಯಾವ ಮೀನು ಓಡುತ್ತೆ?

ಅಭ್ಯಾಸಕ್ಕೆ ನಟ್ಟು ಬೋಲ್ಟು. ಪಕ್ಕದ ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿಸಿ ಸರಿಯಾಗಿ 12 ಗ್ರಾಂ ಮಾಡಿಕೊಂಡೆ. ಆ ಅಂಗಡಿಯವರು ಬೋಲ್ಟು ನೋಡಿ, "ಇದಕ್ಕೆ ವೇಸ್ಟೇಜ್ ಎಷ್ಟು ಹಾಕಲಿ?" ಅಂದರು. ಭತ್ತ ಕೊಯ್ದು ಒಣಗಿದ ಗದ್ದೆಯಲ್ಲಿ ಹಳೇ ಟೈರು ಇಟ್ಟು ದಿನಾ ಬೆಳಿಗ್ಗೆ ಐವತ್ತು ಎಸೆತ. ಹಿಡಿಕೆ ಆಕಾಶ ನೋಡೋ ಹಾಗೆ ರೀಲು ಮಗುಚಿ, ರಾಡಿನ ತುದಿಯಿಂದ ಒಂದು ಗೇಣು ಕೆಳಗೆ ಬೋಲ್ಟು ಬಿಟ್ಟು, ಪಕ್ಕದಿಂದ ಬೀಸಬೇಕು. ಜಾಡಿಸಿದಿರೋ, ಕೆಟ್ಟಿರಿ. ಹಿಂದಕ್ಕೆ ಹೋದಾಗ ರಾಡು ತಾನೇ ಬಾಗಿ ತುಂಬಿಕೊಳ್ಳೋಕೆ ಬಿಟ್ಟು, ಅಲ್ಲಿಂದ ಒಂದೇ ಓಟದಲ್ಲಿ ಮುಂದಕ್ಕೆ. ಹೆಬ್ಬೆರಳು ಸ್ಪೂಲನ್ನು ಬಿಡೋಲ್ಲ, ಬೆಣ್ಣೆ ಸವರಿದ ಹಾಗೆ ಮುಟ್ಟಿರುತ್ತೆ. ದಾರ ಉಬ್ಬೋಕೆ ಶುರುವಾದರೆ ಬೆರಳ ಹೊಟ್ಟೆಗೇ ಮೊದಲು ಗೊತ್ತಾಗೋದು, ಕಣ್ಣಿಗಲ್ಲ.

ಮೂರು ವಾರಕ್ಕೆ ಬ್ರೇಕು ಎಂಟರಿಂದ ಆರು, ಸಂಕ್ರಾಂತಿ ಹೊತ್ತಿಗೆ ನಾಲ್ಕು. ಎದುರು ಗಾಳಿ ಇದ್ದರೆ ನಾಚಿಕೆ ಬಿಟ್ಟು ಮತ್ತೆ ಏಳಕ್ಕೆ ಹಾಕ್ತೀನಿ.

ಬ್ರೇಡ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಬರಿ ಸ್ಪೂಲಿಗೆ ಕಟ್ಟಿದರೆ ಇಡೀ ಸುತ್ತೇ ಜಾರುತ್ತೆ, ಅದಕ್ಕೆ ಅಡಿಯಲ್ಲಿ ನಾಲ್ಕೈದು ಮಾರು ತಂಗೂಸ್ ಬೇಕು. ಸಡಿಲ ಸುತ್ತಿದರೆ ತನ್ನೊಳಗೇ ಹೂತುಕೊಳ್ಳುತ್ತೆ. ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಬೇಕು. ಸುತ್ತೋಕೆ ಮೊದಲು ಅದಕ್ಕೆ ನಾನು ಇನ್ನೊಂದು ಕೆಲಸ ಮಾಡ್ತೀನಿ, ಹೊಸ ಬ್ರೇಡ್ ಮೂರು ದಿನ ಅದರಲ್ಲೇ ಇರುತ್ತೆ. ಅದೇನು ಅಂತ ಬೆಟ್ ಸೋತವರಿಗೂ ಹೇಳಿಲ್ಲ.

ಈಗ 12 ಗ್ರಾಂ ಕಪ್ಪೆ ಹದಿನಾಲ್ಕು ಹದಿನೈದು ಮಾರು ಹೋಗುತ್ತೆ, ಜೊಂಡಿನ ಸಂದಿಗೆ ಮೊರದಷ್ಟು ಜಾಗದಲ್ಲಿ ಬೀಳುತ್ತೆ. ಹತ್ತರಲ್ಲಿ ಎಂಟು ಸಲ ಅನ್ನಿ. ಏಳು ಗ್ರಾಂಗಿಂತ ಕೆಳಗೆ ಈ ರೀಲಿಂದ ಆಗೋಲ್ಲ, ಅದಕ್ಕೆ ಸ್ಪಿನ್ನಿಂಗೇ ಸರಿ, ಒಪ್ಪಿಕೊಂಡೆ.

ಅವತ್ತು ಕೊರವ ಎದ್ದದ್ದು ಕಪ್ಪೆ ಬಿದ್ದು ಎರಡು ಸಲ ಕುಪ್ಪಳಿಸಿದ ಮೇಲೆ. ತಾವರೆ ಎಲೆ ಸರಿದು ನೀರು ಡುಬುಕ್ ಅಂತು, ರಾಡು ಬಾಗಿತು. ದಡಕ್ಕೆ ಎಳೆದಾಗ ತಾತ ಬಂದು ಮೀನು ನೋಡಲಿಲ್ಲ. ರೀಲಿನ ಮೇಲೆ ಬಗ್ಗಿ ದಾರವನ್ನು ಉಗುರಲ್ಲಿ ಕೆರೆದು ನೋಡಿ, "ಗೂಡೆಲ್ಲೋಯ್ತು?" ಅಂದ್ರು.

ಹೋದ ವಾರ ಬೆಟ್ ಕಟ್ಟಿದವರಲ್ಲೇ ಒಬ್ಬ ಒಂಬತ್ತು ಸಾವಿರದ ಹೊಸ ರೀಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಡಿಗೆ ತಂದ. ಒಳಗೆ ತೆಂಗಿನ ನಾರಿನ ಉಂಡೆ ಥರ ಬ್ರೇಡು. "ಅಣ್ಣ, ಒಂಚೂರು ನೋಡಣ್ಣ," ಅಂದ. ಕೈಗಡಿಯಾರಗಳ ಸಾಲಿನಲ್ಲಿ ಅದನ್ನೂ ಇಟ್ಟು ಚೀಟಿ ಬರೆದುಕೊಟ್ಟಿದ್ದೀನಿ, ಗುರುವಾರ ಬಾ ಅಂತ.