ಟ್ರಾಕ್ಟರಿನ ಹಿಂದೆ ನೇತುಹಾಕಿದ 400 ಕಿಲೋ: ಮನೆಯಲ್ಲೇ ಮಾಡಿದ ಕೌಂಟರ್ ವೇಟ್, ನನ್ನ ಅನುಭವ

ಮುಂದೆ ಲೋಡರ್ (ಗೊಬ್ಬರ, ಮಣ್ಣು ಎತ್ತುವ ಬಕೆಟ್) ಕಟ್ಟಿದ ಮಿನಿ ಟ್ರಾಕ್ಟರ್ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಭಾರವನ್ನು ಸರಿದೂಗಿಸಲು ಹಿಂದೆ ತೂಕ, ಅಂದರೆ ಕೌಂಟರ್ ವೇಟ್, ಯಾಕೆ ಬೇಕು ಅಂತ ಅವರಿಗೆ ಹೇಳಬೇಕಾಗಿಲ್ಲ. ಬಕೆಟ್ ತುಂಬ ಒದ್ದೆ ಹಟ್ಟಿಗೊಬ್ಬರ ಎತ್ತಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ನಿಂತುಬಿಟ್ಟು, ಟ್ರಾಕ್ಟರ್ ಮಾತ್ರ ಜಾರಿಕೊಂಡು ಹೋಗುವುದನ್ನು ಅವರೆಲ್ಲ ನೋಡಿದ್ದಾರೆ. ನಮ್ಮಲ್ಲಿ ಹೆಚ್ಚಿನ ಟ್ರಾಕ್ಟರುಗಳಿಗೆ ಬ್ರೇಕ್ ಇರುವುದೇ ಹಿಂದಿನ ಚಕ್ರಕ್ಕೆ. ಅಲ್ಲಿ ಭಾರ ಇಲ್ಲದಿದ್ದರೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಅದರಲ್ಲೂ ಉಡುಪಿ ಕಡೆಯ ಮಳೆಗಾಲ, ಪಾಚಿ ಹಿಡಿದ ಮುರಕಲ್ಲಿನ (ಜಂಬಿಟ್ಟಿಗೆ) ದಾರಿ ಅಂದರೆ ಕೇಳುವುದೇ ಬೇಡ.

ನಮ್ಮದು ಹಿರಿಯಡ್ಕದ ಹತ್ತಿರ. ಮನೆ, ಹಟ್ಟಿ ಮೇಲೆ, ಅಡಿಕೆ ತೋಟ ಕೆಳಗೆ. ಟ್ರಾಕ್ಟರ್ 27 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಇರುವಂಥದ್ದು, ಬರೀ ಗಾಡಿ ಒಂದು ಟನ್ನಿಗೆ ಸ್ವಲ್ಪ ಮೇಲೆ. ಲೋಡರ್ ಇನ್ನೊಂದು 250 ಕಿಲೋ. ರೆಡಿ ಸಿಗುವ ಬೀಡು ಕಬ್ಬಿಣದ ತೂಕ ಕೇಳಿ ನೋಡಿದೆ, ಸ್ಟ್ಯಾಂಡ್ ಸೇರಿಸಿ 400 ಕಿಲೋಗೆ 45 ಸಾವಿರದ ಹತ್ತಿರ ಹೇಳಿದರು. ಅಷ್ಟು ದುಡ್ಡು ಕೊಟ್ಟು ಕಬ್ಬಿಣದ ಮುದ್ದೆ ತರುವುದು ನನಗೆ ಸರಿ ಕಾಣಲಿಲ್ಲ.

ನಾನೇ ಮಾಡುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ಮೆಕ್ಯಾನಿಕ್ ಒಬ್ಬರು, "ದಿನವಿಡೀ ತೂಕ ನೇತುಹಾಕಿದರೆ ಲಿಫ್ಟ್ ಹೋಗ್ತದೆ ಮಾರಾಯ್ರೆ" ಅಂದರು. ಲಿಫ್ಟ್ ಅಂದರೆ ಟ್ರಾಕ್ಟರಿನ ಹಿಂದೆ ಸಾಮಾನು ಎತ್ತುವ ಹೈಡ್ರಾಲಿಕ್ ವ್ಯವಸ್ಥೆ. ಕೆಳಗೆ ಎರಡು ತೋಳು, ಮೇಲೆ ಟಾಪ್ ಲಿಂಕ್ ಅನ್ನುವ ಒಂದು ಕೊಂಡಿ, ಈ ಮೂರಕ್ಕೂ ಪಿನ್ನು ಹಾಕಿ ಸಾಮಾನು ಸಿಕ್ಕಿಸುವುದು. ನಮ್ಮ ಭಾವನದ್ದು ಬೇರೆ ರಾಗ. "ಟಯರಿಗೆ ನೀರು ತುಂಬಿಸಿದ್ರೆ ಸಾಕು ಭಾವ, ಇದೆಲ್ಲ ಎಂತಕ್ಕೆ?"

ಸರಿ, ಅದನ್ನೂ ಮಾಡಿ ನೋಡಿದೆ. ವಾಲ್ವ್ ಮೇಲೆ ಬರುವ ಹಾಗೆ ಚಕ್ರ ತಿರುಗಿಸಿ, ಮುಕ್ಕಾಲು ಭಾಗ ನೀರು. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟಬಾರದು ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಅದರ ಗೊಡವೆ ಇಲ್ಲ, ಬಾವಿ ನೀರೇ ಆಗುತ್ತದೆ. ನನ್ನ ಸಣ್ಣ ಟಯರು ಎರಡೂ ಸೇರಿ 100 ಲೀಟರ್ ಆಸುಪಾಸು ಹಿಡಿಯಿತು, ಅಂದರೆ 100 ಕಿಲೋ. ಹಿಡಿತ ಸ್ವಲ್ಪ ಜಾಸ್ತಿಯಾದದ್ದು ನಿಜ. ಆದರೆ ಸ್ಟೇರಿಂಗ್ ಮೊದಲಿನಷ್ಟೇ ಬಿಗಿ, ಮುಂದಿನ ಆಕ್ಸಲಿನ ಸೀಲಿನಿಂದ ಎಣ್ಣೆ ಜಿನುಗುವುದೂ ನಿಲ್ಲಲಿಲ್ಲ. ಚಕ್ರದ ಒಳಗೆ ಹಾಕಿದ ತೂಕ ಆ ಚಕ್ರದ ಮೇಲೆಯೇ ಕೂರುತ್ತದೆ, ಮುಂದಿನ ಭಾರವನ್ನು ಒಂದು ಕಿಲೋ ಕೂಡ ಇಳಿಸುವುದಿಲ್ಲ. ಆಕ್ಸಲಿನಿಂದ ಹಿಂದಕ್ಕೆ ನೇತುಹಾಕಿದರೆ ಮಾತ್ರ ಮುಂದಿನದು ಹಗುರ ಆಗುವುದು. ಇದನ್ನೇ ನಾನು ಎಲ್ಲರಿಗೂ ಹೇಳುತ್ತಿದ್ದದ್ದು.

ಡ್ರಮ್ಮಿನ ಕತೆ ನಿಮಗೆ ಗೊತ್ತಿರಬಹುದು, ತುಂಬ ಜನ ಅದನ್ನೇ ಮಾಡುತ್ತಾರೆ. ನೀಲಿ ಪ್ಲಾಸ್ಟಿಕ್ ಡ್ರಮ್, ಒಳಗೆ ಕಾಂಕ್ರೀಟ್. 200 ಲೀಟರಿನದ್ದು ಪೂರ್ತಿ ತುಂಬಿದರೆ 480 ಕಿಲೋ ಆಗುತ್ತದೆ, ಅಷ್ಟು ಬೇಡ ಅಂತ ಮುಕ್ಕಾಲಿಗೆ ನಿಲ್ಲಿಸಿದೆ. ಅಡ್ಡಕ್ಕೆ ದಪ್ಪ ರಾಡ್ ತೂರಿಸಿ, ಅದರ ತುದಿಗಳನ್ನೇ ಕೆಳಗಿನ ಎರಡು ಪಿನ್ನು ಮಾಡಿದ್ದು. ಸ್ವಲ್ಪ ಕಾಲ ಚೆನ್ನಾಗಿಯೇ ನಡೆಯಿತು. ಆಮೇಲೆ ರಾಡಿನ ಬುಡದಲ್ಲಿ ಬೂದು ಬಣ್ಣದ ಹುಡಿ ಉದುರಲು ಶುರು. ಕೈಯಲ್ಲಿ ತಿರುಗಿಸಿದರೆ ರಾಡು ತಿರುಗುತ್ತಿತ್ತು! ನುಣುಪಾದ ಉರುಟು ರಾಡನ್ನು ಕಾಂಕ್ರೀಟ್ ಹಿಡಿದುಕೊಳ್ಳುವುದಿಲ್ಲ, ಕುಲುಕಿದಷ್ಟೂ ತೂತು ಮೊಟ್ಟೆಯಾಕಾರ ಆಗುತ್ತಾ ಹೋಗುತ್ತದೆ. ಮತ್ತೆ ಡ್ರಮ್ ಎತ್ತರ ಬೇರೆ. ಟಾಪ್ ಲಿಂಕ್ ಸಿಕ್ಕಿಸಲು ಮೇಲೆ ನಿಲ್ಲಿಸಿದ್ದ ಪಟ್ಟಿ ನಿಧಾನಕ್ಕೆ ಟ್ರಾಕ್ಟರಿನ ಕಡೆಗೆ ಬಾಗಿತು. ಕೊನೆಗೆ ತೋಟದ ಕಣಿ (ನೀರು ಹೋಗುವ ಚರಂಡಿ) ದಾಟುವಾಗ ಬಿದ್ದ ಒಂದು ಹೊಡೆತಕ್ಕೆ ಡ್ರಮ್ ಉದ್ದಕ್ಕೆ ಸೀಳಿತು. ಅದರಲ್ಲಿ ಹೋದದ್ದು 3 ಸಾವಿರದಷ್ಟು.

ಆಮೇಲೆ ಆಂಗಲ್ ಫ್ರೇಮ್ ಮಾಡಿಸಿ ಮುರಕಲ್ಲು ಜೋಡಿಸಿ ನೋಡಿದೆ, ಕಲ್ಲು ಮನೆಯಲ್ಲೇ ಇತ್ತಲ್ವಾ. ಅದು ಜಾಗ ಜಾಸ್ತಿ ತಿನ್ನುತ್ತದೆ, ತೂಕ ಕಡಿಮೆ. ಕುಲುಕಾಟಕ್ಕೆ ಅಂಚು ಉದುರಿ ಕಲ್ಲುಗಳ ನಡುವೆ ಸಂದು ಬಿಡುತ್ತದೆ, ಮತ್ತೆ ಗಡಗಡ ಶಬ್ದ. ಕಾರ್ಕಳ ಕಡೆಯ ಕರಿಕಲ್ಲಿನ ತುಂಡು ಹಾಕಿದರೆ ತೂಕ ಬರುತ್ತದೆ, ಆದರೆ ಅದಕ್ಕೆ ತೂತು ಕೊರೆಸುವ ಕೂಲಿಯಲ್ಲಿ ಬೇರೆ ಕೆಲಸ ಮಾಡಿಸಬಹುದು. ಹೊಯ್ಗೆ (ಮರಳು) ಚೀಲದ ಪ್ರಯೋಗದ ಬಗ್ಗೆ ಬರೆಯುವಷ್ಟು ಏನೂ ಇಲ್ಲ, ಮೊದಲ ಮಳೆಗೇ ಚೀಲ ಹರಿಯಿತು.

ಈಗ ಇರುವುದಕ್ಕೆ ಬರುತ್ತೇನೆ. ಇದರಲ್ಲಿ ತೂಕ ನಿಂತಿರುವುದು ಕಬ್ಬಿಣದ ಹಂದರದ ಮೇಲೆ, ಕಾಂಕ್ರೀಟ್ ಬರೀ ತುಂಬುವ ಸಾಮಾನು. ಕಲ್ಟಿವೇಟರನ್ನು ಅಂಗಳದಲ್ಲಿ ಇಟ್ಟು, ಅದರ ಮೂರು ಪಿನ್ನಿನ ಜಾಗವನ್ನು ದಪ್ಪ ರಟ್ಟಿನ ಮೇಲೆ ಗುರುತು ಮಾಡಿಕೊಂಡೆ. ನನ್ನ ಗಾಡಿಯದ್ದು ಕ್ಯಾಟಗರಿ 1, ಸಣ್ಣ ಟ್ರಾಕ್ಟರುಗಳ ಪಿನ್ನಿನ ಅಳತೆಗೆ ಇರುವ ಹೆಸರು ಅದು. ಅಂದರೆ ಕೆಳಗಿನ ಪಿನ್ನು 22 ಮಿಲಿಮೀಟರ್, ಮೇಲಿನದು 19, ಕೆಳಗಿನ ಎರಡರ ನಡುವೆ 68 ಸೆಂಟಿಮೀಟರ್, ಅಲ್ಲಿಂದ ಟಾಪ್ ಲಿಂಕಿನ ಪಿನ್ನಿಗೆ 46. ಕೆಲವು ಸಣ್ಣ ಗಾಡಿಗಳಲ್ಲಿ ತೋಳುಗಳ ನಡುವಿನ ಅಂತರ ಇದಕ್ಕಿಂತ ಕಡಿಮೆ ಇರುತ್ತದೆ, ಹಾಗಾಗಿ ಪುಸ್ತಕ ನಂಬಬೇಡಿ, ನಿಮ್ಮ ಸಾಮಾನಿನ ಮೇಲೆಯೇ ಅಳತೆ ತೆಗೆಯಿರಿ.

ಪೆಟ್ಟಿಗೆ 75 ಸೆಂಟಿಮೀಟರ್ ಅಗಲ, 40 ಉದ್ದ, 42 ಎತ್ತರ. ಟಯರಿನ ಹೊರ ಅಂಚಿನ ಒಳಗೇ ನಿಲ್ಲುತ್ತದೆ, 9 ಅಡಿಗೊಂದು ಮರ ಇರುವ ತೋಟದಲ್ಲಿ ತಿರುಗಿಸುವಾಗ ಎಲ್ಲಿಯೂ ತಾಗುವುದಿಲ್ಲ. ಪಿನ್ನಿನಿಂದ ಪೆಟ್ಟಿಗೆಗೆ ಒಂದು ಗೇಣು ಅಂತರ ಮಾತ್ರ. ದೂರ ಇಟ್ಟಷ್ಟೂ ಮುಂದಿನ ಭಾರ ಚೆನ್ನಾಗಿ ಎತ್ತುತ್ತದೆ, ಆದರೆ ಲಿಫ್ಟಿಗೂ ಟಾಪ್ ಲಿಂಕಿಗೂ ಎಳೆತ ಜಾಸ್ತಿ. ನನ್ನ ಲಿಫ್ಟಿಗೆ ಬುಕ್ಕಿನಲ್ಲಿ 750 ಕಿಲೋ ಅಂತ ಉಂಟು, ಅದು ತೋಳಿನ ತುದಿಯಲ್ಲಿ. ತೂಕ ಅಲ್ಲಿಂದ ಹಿಂದೆ ಸರಿದಷ್ಟೂ ಲಿಫ್ಟ್ ಎತ್ತುವುದು ಕಡಿಮೆ ಆಗುತ್ತದೆ.

ಪಿನ್ನು ಕೂರುವ ಎರಡು ಪ್ಲೇಟುಗಳು 12 ಮಿಲಿಮೀಟರಿನವು. ಅವು ಪೆಟ್ಟಿಗೆಯ ಮುಖದಲ್ಲಿ ನಿಲ್ಲುವುದಿಲ್ಲ, ತಳದ ಚಾನೆಲ್ ಜೊತೆಗೆ ಹಿಂದಿನ ಗೋಡೆಯವರೆಗೂ ಹೋಗುತ್ತವೆ. ಟಾಪ್ ಲಿಂಕಿನ ಕಂಬದಿಂದ ಪೆಟ್ಟಿಗೆಯ ಹಿಂದಿನ ಎರಡು ಮೂಲೆಗೆ ಎರಡು ಓರೆ ಪಟ್ಟಿ. ಡ್ರಮ್ಮಿನಲ್ಲಿ ಬಾಗಿದ್ದು ಇಲ್ಲಿಯೇ, ಯಾಕಂದ್ರೆ ಹಿಂದೆ ತೂಗುವ ತೂಕ ಟಾಪ್ ಲಿಂಕನ್ನು ಒತ್ತುವುದಿಲ್ಲ, ಸದಾ ಎಳೆಯುತ್ತಲೇ ಇರುತ್ತದೆ. ಒಳಗೆ ಎರಡೂ ದಿಕ್ಕಿಗೆ ಗೆರೆ ಇರುವ ಸರಳು ಕಟ್ಟಿ ಫ್ರೇಮಿಗೆ ವೆಲ್ಡ್ ಮಾಡಿಸಿದೆ.

ತೂಕ ಹೆಚ್ಚಿಸಿದ್ದು ಬಿಲ್ಲೆಗಳು. ಮಂಗಳೂರಿನ ಬೈಕಂಪಾಡಿ ಕಡೆಯ ವರ್ಕ್‌ಶಾಪುಗಳಲ್ಲಿ ದಪ್ಪ ಪ್ಲೇಟಿಗೆ ತೂತು ಹೊಡೆಯುವಾಗ ಉದುರುವ ಉರುಟು ತುಂಡುಗಳು ಗುಜರಿಗೆ ಬರುತ್ತವೆ. ಕಾಂಕ್ರೀಟ್ ಒಂದು ಲೀಟರಿಗೆ 2.4 ಕಿಲೋ ತೂಗಿದರೆ ಕಬ್ಬಿಣ 7.8. ಅದೇ ಪೆಟ್ಟಿಗೆಯಲ್ಲಿ ತೂಕ ಏರಿಸಬೇಕಾದರೆ ಇದಕ್ಕಿಂತ ಅಗ್ಗದ ದಾರಿ ನನಗೆ ಸಿಗಲಿಲ್ಲ. 110 ಕಿಲೋ ತಂದೆ. ಅವುಗಳ ಮೇಲೆ ಎಣ್ಣೆ ಇರುತ್ತದೆ, ಹಾಗೆಯೇ ಹಾಕಿದರೆ ಸಿಮೆಂಟ್ ಹಿಡಿಯುವುದಿಲ್ಲ. ಒಣ ಸೋಗೆ ರಾಶಿ ಹಾಕಿ ಬೆಂಕಿಯಲ್ಲಿ ಸುಟ್ಟು, ತಣ್ಣಗಾದ ಮೇಲೆ ತೊಳೆದೆ. ಕಾಂಕ್ರೀಟಿಗೆ ಸಿಮೆಂಟ್ ಒಂದಕ್ಕೆ ಒಂದೂವರೆ ಹೊಯ್ಗೆ, ಮೂರು ಸಣ್ಣ ಜಲ್ಲಿ, ಒಂದೇ ಚೀಲ ಸಿಮೆಂಟ್ ಸಾಕಾಯಿತು. ಬಿಲ್ಲೆಯನ್ನೆಲ್ಲ ಕೆಳಗಿನ ಅರ್ಧದಲ್ಲೇ ಪದರ ಪದರವಾಗಿ ಹಾಕಿದ್ದು, ಭಾರ ತಳದಲ್ಲಿ ಇರಲಿ ಅಂತ. ನೀರು ಕಡಿಮೆ ಹಾಕಿ, ಸರಳಿನಿಂದ ಕುಟ್ಟಿ ಕುಟ್ಟಿ ಇಳಿಸಿದೆ. ಮೂರು ವಾರ ಒದ್ದೆ ಗೋಣಿ ಹೊದೆಸಿ ಇಟ್ಟು ಆಮೇಲೆಯೇ ಎತ್ತಿದ್ದು, ಇದರಲ್ಲಿ ಅವಸರ ಮಾಡಲೇಬಾರದು.

ಒಟ್ಟು ತೂಕ 415 ಕಿಲೋ ಆಯಿತು. ವೇ ಬ್ರಿಡ್ಜಿನಲ್ಲಿ ಮುಂದಿನ ಚಕ್ರ ಹೊರಗೆ ನಿಲ್ಲಿಸಿ ಹಿಂದಿನ ಚಕ್ರ ಮಾತ್ರ ತೂಗಿಸಿದೆ. ಬಕೆಟಿನಲ್ಲಿ 250 ಕಿಲೋ ಇಟ್ಟುಕೊಂಡು, ಹಿಂದೆ ಏನೂ ಇಲ್ಲದಾಗ 400ರ ಹತ್ತಿರ ತೋರಿಸಿತು. ನನ್ನ ಪೆಟ್ಟಿಗೆ ಸಿಕ್ಕಿಸಿದ ಮೇಲೆ 1070! ಕಟ್ಟಿದ್ದು 415, ಹಿಂದೆ ಏರಿದ್ದು 670ರಷ್ಟು. ಆ ಹೆಚ್ಚಿನ 250 ಚಿಲ್ಲರೆ ಕಿಲೋ ಮುಂದಿನ ಆಕ್ಸಲಿನಿಂದ ಇಳಿದು ಬಂದದ್ದು. ಚೀಟಿಯನ್ನು ಭಾವನಿಗೆ ತೋರಿಸಿದೆ. ಎರಡು ಸಲ ಓದಿ, "ತೂಕದ ಮೆಷಿನು ಸರಿ ಉಂಟಾ?" ಅಂತ ಕೇಳಿದರು. ಆಮೇಲೆ ಅವರೇ ಸೀಟಿನಲ್ಲಿ ಕೂತು ತುಂಬಿದ ಬಕೆಟ್ ಇಟ್ಟುಕೊಂಡು ಸ್ಟೇರಿಂಗ್ ತಿರುಗಿಸಿ ನೋಡಿದರು. ಒಂದೇ ಕೈಯಲ್ಲಿ ತಿರುಗಿತು.

ಖರ್ಚು ಅಂದಾಜಿಗೆ ಹೇಳುತ್ತೇನೆ. ಚಾನೆಲ್, ಪ್ಲೇಟು, ಶೀಟು ಅರ್ಧ ಹೊಸದು, ಅರ್ಧ ಗುಜರಿಯದ್ದು, 3,500. ಬಿಲ್ಲೆ ಕಿಲೋಗೆ 42ರ ಹಾಗೆ 4,600. ವೆಲ್ಡಿಂಗ್ 2,500. ಪಿನ್ನು, ಅದು ಕಳಚದ ಹಾಗೆ ಹಾಕುವ ಲಿಂಚ್ ಪಿನ್ನು 600. ಸಿಮೆಂಟ್, ಜಲ್ಲಿ, ಹೊಯ್ಗೆ 900. ರೆಡ್ ಆಕ್ಸೈಡ್, ಪೈಂಟು 400. ಹನ್ನೆರಡೂವರೆ ಸಾವಿರದಲ್ಲಿ ಮುಗಿಯಿತು, ಡ್ರಮ್ಮು ಮುರಕಲ್ಲಿನ ಖರ್ಚು ಸೇರಿಸಿದರೂ 18 ದಾಟಲಿಲ್ಲ. ವರ್ಷಕ್ಕೆ 4 ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಪೈಂಟಿನಲ್ಲಿ ಉಳಿಸಲು ಹೋಗಬೇಡಿ. ತಳದಲ್ಲಿ ನೀರು ಇಳಿಯಲು ನಾಲ್ಕು ತೂತು ಬಿಡಿಸಿ.

ಪೆಟ್ಟಿಗೆಯ ಎರಡು ಬದಿಗೆ ಪೈಪಿನ ತುಂಡು ಕೂರಿಸಿದ್ದೇನೆ, ಹಾರೆ, ಪಿಕ್ಕಾಸು ಅದರಲ್ಲೇ ನಿಲ್ಲುತ್ತದೆ. ಹಿಂದೆ ಒಂದು ಕೊಕ್ಕೆ ಉಂಟು, ಬಿದ್ದ ಮರ ಎಳೆಯಲು ಅಲ್ಲ, ಸಣ್ಣ ಗಾಡಿ ಅಂಗಳದಲ್ಲಿ ಆಚೆ ಈಚೆ ಮಾಡಲು ಮಾತ್ರ. ಕೆಳಗಿನ ಕಾಲುಗಳನ್ನು ನಾನು ಒಂದು ರೀತಿಯಲ್ಲಿ ಓರೆ ಇಡಿಸಿದ್ದೇನೆ. ಅದರಿಂದ ಒಬ್ಬನೇ, ಸೀಟಿನಿಂದ ಒಂದು ಸಲ ಇಳಿದು, ಮೂರೂ ಪಿನ್ನು ಹಾಕಿ ಹೊರಡಬಹುದು. ಪಿನ್ನಿನ ಗಡಗಡ ನಿಲ್ಲಿಸಲು ಒಂದು ಸಾಮಾನು ಹಾಕಿದ್ದೇನೆ, ಅದಕ್ಕೆ 20 ರೂಪಾಯಿ ಕೂಡ ಆಗಲಿಲ್ಲ. ಇವೆರಡನ್ನು ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಬಳಸುವಾಗ ಪೆಟ್ಟಿಗೆ ನೆಲದಿಂದ ಒಂದು ಅಡಿ ಮೇಲೆ ಇರಲಿ, ಅದಕ್ಕಿಂತ ಎತ್ತಬೇಡಿ. ತುಂಬಿದ ಬಕೆಟಿನಲ್ಲಿ ಇಳಿಜಾರು ಇಳಿಯುವುದಾದರೆ ರಿವರ್ಸಿನಲ್ಲಿ, ಬಕೆಟ್ ಗುಡ್ಡೆಯ ಕಡೆಗೆ ಇರುವ ಹಾಗೆ, ಆದಷ್ಟು ತಗ್ಗಿಸಿ. ಲೋಡರ್ ಬಿಚ್ಚಿದ ದಿನ ಇದನ್ನೂ ಬಿಚ್ಚಲೇಬೇಕು, ಇಲ್ಲದಿದ್ದರೆ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡುತ್ತದೆ. ಕೆಲಸ ಮುಗಿದ ಮೇಲೆ ನೆಲಕ್ಕೆ ಇಳಿಸಿಯೇ ಇಡಿ. ಲಿಫ್ಟ್ ಹೋಗುತ್ತದೆ ಅಂದ ಮೆಕ್ಯಾನಿಕ್ ಮೊನ್ನೆ ಸರ್ವಿಸಿಗೆ ಬಂದವರು ತೋಳು, ಸೀಲು ಎಲ್ಲ ನೋಡಿ, ಏನೂ ಆಗಲಿಲ್ಲ ಅಂತ ಒಪ್ಪಿಕೊಂಡರು. ಭಾವನ ಗಾಡಿ ನನ್ನದಕ್ಕಿಂತ ದೊಡ್ಡದು, ಅದಕ್ಕೆ ಪೆಟ್ಟಿಗೆ 90 ಸೆಂಟಿಮೀಟರ್ ಅಗಲ ಬೇಕಾಗುತ್ತದೆ. ಫ್ರೇಮ್ ಆಗಲೇ ವೆಲ್ಡ್ ಮಾಡಿಸಿ ಆಯಿತು, ಬಿಲ್ಲೆಗೆ ಗುಜರಿಯವರಿಗೆ ಹೇಳಿ ಇಟ್ಟಿದ್ದೇವೆ, ಈ ಸಲ ಕಿಲೋಗೆ 45 ಕೇಳುತ್ತಿದ್ದಾರೆ.