ಮೀಡಿಯಂ ಫಾರ್ಮ್ಯಾಟ್‌ಗೆ ವೈರ್‌ಲೆಸ್ ಫ್ಲ್ಯಾಶ್: ಮೊದಲು ಶಟರ್ ನೋಡಿ, ಆಮೇಲೆ ವ್ಯಾಟ್ ಲೆಕ್ಕ ಹಾಕಿ

ಮೀಡಿಯಂ ಫಾರ್ಮ್ಯಾಟ್ (35 ಮಿ.ಮೀ.ಗಿಂತ ದೊಡ್ಡ ಸೆನ್ಸರ್ ಅಥವಾ ಫಿಲ್ಮ್ ಇರುವ) ಕ್ಯಾಮೆರಾಗೆ ಫ್ಲ್ಯಾಶ್ ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: 200 ವ್ಯಾಟ್ ಸೆಕೆಂಡ್ (ಫ್ಲ್ಯಾಶಿನ ಒಂದು ಹೊಡೆತದ ಶಕ್ತಿಯ ಅಳತೆ) ಸಾಕೇ, 600 ಬೇಕೇ? ಶಟರ್ ಯಾವ ಬಗೆಯದೆಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ಫ್ಯೂಜಿಫಿಲ್ಮ್ ಜಿಎಫ್ಎಕ್ಸ್, ಪೆಂಟ್ಯಾಕ್ಸ್ 645ಝಡ್‌ಗಳಲ್ಲಿ ಇರುವುದು ಫೋಕಲ್ ಪ್ಲೇನ್ ಶಟರ್, ಅಂದರೆ ಸೆನ್ಸರಿನ ಮುಂದೆ ಸರಿಯುವ ಪರದೆ. ಸೆನ್ಸರ್ ದೊಡ್ಡದು, ಪರದೆ ಅದನ್ನು ದಾಟಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಇವೆರಡರ ಸಿಂಕ್ ವೇಗ, ಅಂದರೆ ಫ್ಲ್ಯಾಶ್ ಬೆಳಕು ಇಡೀ ಚಿತ್ರಕ್ಕೆ ಬೀಳುವ ಅತಿ ಹೆಚ್ಚಿನ ಶಟರ್ ವೇಗ, 1/125 ಸೆಕೆಂಡಿಗೆ ನಿಲ್ಲುತ್ತದೆ. ಹಳೆಯ ಪೆಂಟ್ಯಾಕ್ಸ್ 67ರದ್ದು ಇನ್ನೂ ಕಡಿಮೆ, 1/30. ಲೀಫ್ ಶಟರ್ ಲೆನ್ಸ್‌ನೊಳಗೇ ಇರುವುದರಿಂದ ಎಲ್ಲ ವೇಗದಲ್ಲೂ ಫ್ಲ್ಯಾಶ್ ಹಿಡಿಯುತ್ತದೆ. ಹ್ಯಾಸೆಲ್‌ಬ್ಲಾಡ್ 500ಸಿ/ಎಂ 1/500ರವರೆಗೆ, ಮಾಮಿಯಾ ಆರ್‌ಬಿ67 1/400ರವರೆಗೆ, ಎಕ್ಸ್‌ಸಿಡಿ ಲೆನ್ಸ್ ಹಾಕಿದ ಹ್ಯಾಸೆಲ್‌ಬ್ಲಾಡ್ ಎಕ್ಸ್1ಡಿ 1/2000ರವರೆಗೆ. ಜಿಎಫ್ಎಕ್ಸ್ ಇದ್ದವರಿಗೂ ಒಂದು ದಾರಿಯಿದೆ: ಫ್ಯೂಜಿಯ ಎಚ್ ಮೌಂಟ್ ಅಡಾಪ್ಟರ್ ಜಿ ಮೂಲಕ ಹ್ಯಾಸೆಲ್‌ಬ್ಲಾಡ್ ಎಚ್ ಸರಣಿಯ ಲೆನ್ಸ್ ಹಾಕಿದರೆ ಸಿಂಕ್ 1/800ರವರೆಗೆ ಏರುತ್ತದೆ.

ಇದರಿಂದ ಏನು ಲಾಭ? ನಡುಮಧ್ಯಾಹ್ನದ ಬಿಸಿಲನ್ನೇ ತೆಗೆದುಕೊಳ್ಳಿ. ಐಎಸ್ಒ (ಬೆಳಕಿಗೆ ಸೆನ್ಸರ್ ಅಥವಾ ಫಿಲ್ಮಿನ ಸೂಕ್ಷ್ಮತೆ) 100, ಶಟರ್ 1/125 ಇದ್ದರೆ ಅಪರ್ಚರ್ (ಲೆನ್ಸ್‌ನೊಳಗಿನ ತೂತು, ಎಫ್ ಸಂಖ್ಯೆ ಏರಿದಂತೆ ಕಿರಿದು) ಎಫ್/16ರ ಆಸುಪಾಸು ಬೇಕು. ಗೋಡಾಕ್ಸ್ ಎಡಿ200 ಪ್ರೊನಂಥ 200 ವ್ಯಾಟ್ ಸೆಕೆಂಡಿನ ಫ್ಲ್ಯಾಶ್‌ಗೆ ಬೇರ್ ಬಲ್ಬ್ ತಲೆಯಲ್ಲಿ ಕಂಪನಿ ಹೇಳುವ ಗೈಡ್ ನಂಬರ್ (ದೂರವನ್ನು ಎಫ್ ಸಂಖ್ಯೆಯಿಂದ ಗುಣಿಸಿದ್ದು) ಮೀಟರಿನಲ್ಲಿ 60. ಸಾಫ್ಟ್‌ಬಾಕ್ಸ್ ಹಾಕಿದಾಗ ಹೆಚ್ಚುಕಡಿಮೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು) ಬೆಳಕು ಸೋರಿಹೋಗುತ್ತದೆ, ಗೈಡ್ ನಂಬರ್ 30ಕ್ಕೆ ಇಳಿಯುತ್ತದೆ. 30ನ್ನು 16ರಿಂದ ಭಾಗಿಸಿದರೆ 1.9 ಮೀಟರ್. ಬಿಸಿಲಿಗೆ ಸಮನಾದ ಬೆಳಕು ಬೇಕೆಂದರೆ ಫ್ಲ್ಯಾಶ್ ಅಷ್ಟು ಹತ್ತಿರ ಇರಲೇಬೇಕು. ಅದೇ ಫ್ಲ್ಯಾಶ್ ಲೀಫ್ ಶಟರಿನ 1/500ರಲ್ಲಿ? ಅಪರ್ಚರ್ ಎಫ್/8ಕ್ಕೆ ತೆರೆಯುತ್ತದೆ, ದೂರ 3.75 ಮೀಟರ್ ಆಗುತ್ತದೆ. ಜಿಎಫ್ಎಕ್ಸ್‌ನಲ್ಲಿ ಅಷ್ಟೇ ದೂರದಿಂದ ಅಷ್ಟೇ ಬೆಳಕು ಬೀಳಿಸಲು ನಾಲ್ಕು ಪಟ್ಟು, ಅಂದರೆ 800 ವ್ಯಾಟ್ ಸೆಕೆಂಡ್ ಹೊರಬೇಕಾದೀತು. ನೆರಳು ತುಂಬುವಷ್ಟೇ ಸಾಕಾದರೆ ಒಂದು ಸ್ಟಾಪ್ ಕಡಿಮೆಯಲ್ಲೂ ಕೆಲಸ ನಡೆಯುತ್ತದೆ.

ಐಎಸ್ಒ ಏರಿಸಿ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾಗದು, ಬಿಸಿಲೂ ಫ್ಲ್ಯಾಶೂ ಒಟ್ಟಿಗೇ ಏರುತ್ತವೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಎರಡನ್ನೂ ಒಟ್ಟಿಗೇ ಇಳಿಸುತ್ತದೆ. ಹಿನ್ನೆಲೆ ಮಸುಕಾಗಿಸಲು ಅಪರ್ಚರ್ ತೆರೆಯುವ ಅನುಕೂಲವಷ್ಟೇ ಸಿಗುತ್ತದೆ. ಎಚ್‌ಎಸ್‌ಎಸ್ (ಸಿಂಕ್ ವೇಗ ಮೀರಿ ಫ್ಲ್ಯಾಶ್ ಬಳಸುವ ಹೈ ಸ್ಪೀಡ್ ಸಿಂಕ್) ಬಗ್ಗೆಯೂ ಹುಸಿ ನಿರೀಕ್ಷೆ ಬೇಡ. ಆ ಮೋಡ್‌ನಲ್ಲಿ ಫ್ಲ್ಯಾಶ್ ಒಂದೇ ಸಲ ಹೊಡೆಯದೆ, ಪರದೆ ಸರಿಯುವಷ್ಟು ಹೊತ್ತೂ ಮಿಡಿಯುತ್ತಿರುತ್ತದೆ, ಸುಮಾರು ಎರಡು ಸ್ಟಾಪ್ ಅಲ್ಲೇ ಕಳೆಯುತ್ತದೆ. ಜಿಎಫ್ಎಕ್ಸ್‌ನಲ್ಲಿ 1/500, ಎಫ್/8 ಹಾಕಿದಿರೆನ್ನಿ. ಗೈಡ್ ನಂಬರ್ 30 ಹೋಗಿ 15, ದೂರ ಮತ್ತೆ ಅದೇ 1.9 ಮೀಟರ್.

ಹಾಗಾಗಿ ನಮ್ಮ ಸಲಹೆ ಇಷ್ಟು. ಲೀಫ್ ಶಟರ್ ಇದ್ದು ಒಬ್ಬಿಬ್ಬರ ಭಾವಚಿತ್ರ ತೆಗೆಯುವವರಿಗೆ 200 ವ್ಯಾಟ್ ಸೆಕೆಂಡಿನದು ಧಾರಾಳ. ಜಿಎಫ್ಎಕ್ಸ್ ಹಿಡಿದು ಹೊರಗೆ ಕೆಲಸ ಮಾಡುವವರು 400ಕ್ಕಿಂತ ಕಡಿಮೆಗೆ ಹೋಗಬೇಡಿ, 600 ಆದರೆ ಒಳ್ಳೆಯದು. 6×7 ಸೆಂ.ಮೀ. ಅಳತೆಯ ಫಿಲ್ಮ್‌ನಲ್ಲಿ ಗುಂಪಿನ ಚಿತ್ರ ತೆಗೆಯುವವರಿಗೂ ಇದೇ ಮಾತು: ಆ ಅಳತೆಯಲ್ಲಿ ಎಫ್/8ರ ಡೆಪ್ತ್ (ಸ್ಪಷ್ಟವಾಗಿ ಕಾಣುವ ಆಳ) 35 ಮಿ.ಮೀ. ಕ್ಯಾಮೆರಾದ ಎಫ್/4ರಷ್ಟೇ ಇರುವುದರಿಂದ, ಹಿಂದಿನ ಸಾಲಿನವರ ಮುಖವೂ ಸ್ಪಷ್ಟವಾಗಿ ಬರಲು ಎಫ್/11 ಅಥವಾ ಎಫ್/16ಕ್ಕೆ ಹೋಗಲೇಬೇಕು. ಒಳಾಂಗಣವಾದರೆ ಇಲ್ಲಿ ಐಎಸ್ಒ 400 ಫಿಲ್ಮ್ ನಿಜವಾಗಿ ನೆರವಾಗುತ್ತದೆ, ಎರಡು ಸ್ಟಾಪ್ ಉಳಿಯುತ್ತದೆ.

ಲೀಫ್ ಶಟರಿನವರು ತಪ್ಪದೆ ನೋಡಬೇಕಾದ ಇನ್ನೊಂದು ಸಂಖ್ಯೆ ಫ್ಲ್ಯಾಶ್ ಡ್ಯುರೇಶನ್, ಅಂದರೆ ಬೆಳಕು ಎಷ್ಟು ಹೊತ್ತು ಉರಿಯುತ್ತದೆ ಎಂಬುದು. ಇದನ್ನು ಟಿ0.5, ಟಿ0.1 ಎಂದು ಎರಡು ಬಗೆಯಲ್ಲಿ ಬರೆಯುತ್ತಾರೆ. ಮೊದಲನೆಯದು ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಹೊತ್ತು, ಎರಡನೆಯದು ಹತ್ತನೇ ಒಂದಕ್ಕೆ ಇಳಿಯುವವರೆಗಿನದು, ಸುಮಾರು ಮೂರು ಪಟ್ಟು ಉದ್ದ. ಹೋಲಿಸುವಾಗ ಎರಡೂ ಫ್ಲ್ಯಾಶ್‌ಗಳ ಟಿ0.1 ಅನ್ನೇ ಹಿಡಿಯಿರಿ. ಗೋಡಾಕ್ಸ್‌ನದೇ 600 ವ್ಯಾಟ್ ಸೆಕೆಂಡಿನ ಎಡಿ600 ಪ್ರೊ ಪೂರ್ಣ ಶಕ್ತಿಯಲ್ಲಿ ಸುಮಾರು 1/220 ಸೆಕೆಂಡ್ ಉರಿಯುತ್ತದೆ. 1/1000ರ ಶಟರ್ ಆ ಬೆಳಕಿನ ಬಾಲವನ್ನು ಕತ್ತರಿಸಿಬಿಡುತ್ತದೆ, ಶಕ್ತಿ ಏರಿಸಿದರೂ ಚಿತ್ರ ಬೆಳಗುವುದಿಲ್ಲ. ಮೇಲಿನ 3.75 ಮೀಟರ್ ಲೆಕ್ಕದಲ್ಲೂ ಇದೇ ಕಾರಣಕ್ಕೆ ಸ್ವಲ್ಪ ಕೊರತೆ ಬೀಳುತ್ತದೆ. ಬೆಳಕನ್ನು ನಡುವೆಯೇ ಕತ್ತರಿಸುವ ಐಜಿಬಿಟಿ ಸರ್ಕ್ಯೂಟ್ ಇರುವ ಇಂದಿನ ಫ್ಲ್ಯಾಶ್‌ಗಳಲ್ಲಿ ಶಕ್ತಿ ಇಳಿಸಿದಂತೆ ಉರಿಯುವ ಹೊತ್ತೂ ಕುಗ್ಗುತ್ತದೆ. ಆದ್ದರಿಂದ ದೊಡ್ಡ ಫ್ಲ್ಯಾಶನ್ನು 1/4ರಲ್ಲಿ ಓಡಿಸುವುದು ಸಣ್ಣದನ್ನು ಪೂರ್ಣ ಶಕ್ತಿಯಲ್ಲಿ ಹಿಂಡುವುದಕ್ಕಿಂತ ಮೇಲು. ಹಾರುವ ಕೂದಲು, ಸೆರಗಿನ ಅಂಚು ಮಸುಕಾಗದೆ ಬರುವುದೂ ಇದರಿಂದಲೇ. 100 ಮೆಗಾಪಿಕ್ಸೆಲ್ ಅಂಥ ಮಸುಕನ್ನು ಮುಚ್ಚಿಡುವುದಿಲ್ಲ.

ಕ್ಯಾಮೆರಾದಿಂದ ಫ್ಲ್ಯಾಶ್‌ಗೆ ಸಂಕೇತ ಕಳಿಸುವ ಟ್ರಿಗರ್ 2.4 ಗಿಗಾಹರ್ಟ್ಸ್ ರೇಡಿಯೊದ್ದೇ ಇರಲಿ. ಬೆಳಕು ಕಂಡು ಹೊಡೆಯುವ ಆಪ್ಟಿಕಲ್ ಸ್ಲೇವ್ ಬಿಸಿಲಿನಲ್ಲಿ ಕೈಕೊಡುತ್ತದೆ. ಗೋಡಾಕ್ಸ್‌ನಲ್ಲಿ ಜಿಎಫ್ಎಕ್ಸ್‌ಗೆ ಎಫ್ ಅಕ್ಷರದ ಟ್ರಿಗರ್. ಎಕ್ಸ್1ಡಿಯ ಹಾಟ್ ಶೂ (ಕ್ಯಾಮೆರಾದ ಮೇಲೆ ಫ್ಲ್ಯಾಶ್ ಅಥವಾ ಟ್ರಿಗರ್ ಕೂರಿಸುವ ಜಾಗ) ನಿಕಾನ್ ಪಿನ್‌ಗಳಿಗೆ ಹೊಂದುವುದರಿಂದ ಅದಕ್ಕೆ ಎನ್. 500ಸಿ/ಎಂನಲ್ಲಿ ಹಾಟ್ ಶೂ ಇಲ್ಲ. ಪಿಸಿ ಕೇಬಲ್ (ಫ್ಲ್ಯಾಶ್ ಸಿಂಕ್ ತಂತಿ) ಇರುವ ಹಾಟ್ ಶೂ ಬೇಸ್ ಒಂದನ್ನು ಕ್ಯಾಮೆರಾದ ಪಕ್ಕಕ್ಕೆ ಕೂರಿಸಿ, ಅದರ ಮೇಲೆ ಟ್ರಿಗರ್ ಹಾಕಿ, ಕೇಬಲ್ಲನ್ನು ಲೆನ್ಸ್‌ನ ಮೇಲಿನ ಸಾಕೆಟ್ಟಿಗೆ ಸಿಕ್ಕಿಸಿ. ಇಂಥ ಫಿಲ್ಮ್ ಕ್ಯಾಮೆರಾದಲ್ಲಿ ಬಟನ್ ಅರ್ಧ ಒತ್ತಿ ಟ್ರಿಗರ್ ಎಬ್ಬಿಸುವ ವ್ಯವಸ್ಥೆ ಇರದು, ಟ್ರಿಗರಿನ ಸ್ಟ್ಯಾಂಡ್‌ಬೈ ಆಫ್ ಮಾಡಿಡಿ. ಇಲ್ಲದಿದ್ದರೆ ಐದು ನಿಮಿಷ ಮಾತಾಡಿ ಮರಳಿದ ಮೇಲಿನ ಮೊದಲ ಚಿತ್ರವೇ ಕತ್ತಲೆ. ಟಿಟಿಎಲ್ (ಕ್ಯಾಮೆರಾವೇ ಫ್ಲ್ಯಾಶ್ ಶಕ್ತಿ ನಿರ್ಧರಿಸುವ ವ್ಯವಸ್ಥೆ) ಮರೆತು ಮ್ಯಾನ್ಯುಯಲ್‌ನಲ್ಲಿ ಇಟ್ಟು, ಸೆಕೋನಿಕ್ ಎಲ್-308ನಂಥ ಫ್ಲ್ಯಾಶ್ ಮೀಟರ್‌ನಿಂದ ಗಲ್ಲದ ಕೆಳಗೆ ಅಳೆಯಿರಿ.

ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತಂದು ಹೀಗೆ ಪರೀಕ್ಷಿಸಿ:

1. ಮಬ್ಬು ಕೋಣೆಯಲ್ಲಿ ಬಿಳಿ ಗೋಡೆಯಿಂದ 2 ಮೀಟರ್ ದೂರದಲ್ಲಿ ಫ್ಲ್ಯಾಶ್ ನಿಲ್ಲಿಸಿ. ಐಎಸ್ಒ 100, ಪೂರ್ಣ ಶಕ್ತಿ. ಮೊದಲ ಚಿತ್ರ 1/60ರಲ್ಲಿ ತೆಗೆಯಿರಿ. ಗೋಡೆ ಬೆಳ್ಳಗೆ ಸುಟ್ಟುಹೋಗದಷ್ಟು ಅಪರ್ಚರ್ ಕಿರಿದು ಮಾಡಿ, ಆಮೇಲೆ ಅದನ್ನು ಮುಟ್ಟಬೇಡಿ.
2. ಶಟರನ್ನು ಒಂದೊಂದೇ ಹೆಜ್ಜೆ ಏರಿಸುತ್ತಾ ತೆಗೆಯಿರಿ. ಗೋಡೆ ಎಲ್ಲಿಂದ ಮಂಕಾಗತೊಡಗಿತೋ ಆ ಫ್ಲ್ಯಾಶ್, ಆ ಟ್ರಿಗರ್ ಜೋಡಿಯ ಮಿತಿ ಅದು.
3. ಶಕ್ತಿ 1/4ಕ್ಕೆ ಇಳಿಸಿ, ಅಪರ್ಚರ್ ಎರಡು ಸ್ಟಾಪ್ ತೆರೆದು ಮತ್ತೆ ಮಾಡಿ. ಮಿತಿ ಮೇಲೇರಿದರೆ ಅಡ್ಡಿ ಫ್ಲ್ಯಾಶ್ ಡ್ಯುರೇಶನ್‌ನದು, ಏರದಿದ್ದರೆ ಟ್ರಿಗರಿನ ವಿಳಂಬದ್ದು.

500ಸಿ/ಎಂಗೆ ಫಿಲ್ಮ್ ಖರ್ಚು ಮಾಡಬೇಕಿಲ್ಲ. ಮ್ಯಾಗಜೀನ್ (ಫಿಲ್ಮ್ ಇರುವ ಹಿಂಬದಿಯ ಪೆಟ್ಟಿಗೆ) ಕಳಚಿ, ಬಿಳಿ ಗೋಡೆಯ ಕಡೆ ಹಿಡಿದು, ಹಿಂದಿನಿಂದ ಇಣುಕಿ ಶಟರ್ ಒತ್ತಿ. ಅಪರ್ಚರಿನ ತೂತು ಫ್ಲ್ಯಾಶ್ ಬೆಳಕಿನಿಂದ ಫಳ್ಳೆಂದರೆ ಸಿಂಕ್ ಸರಿಯಿದೆ.

ಫ್ಲ್ಯಾಶ್ ಹೊಡೆಯುತ್ತದೆ, ಆದರೆ ಅದರ ಬೆಳಕೇ ಚಿತ್ರದಲ್ಲಿಲ್ಲ ಎಂದಾದರೆ ಹಳೆಯ ಸಿ ಸರಣಿ ಲೆನ್ಸ್‌ನ ಲಿವರ್ ‘ಎಂ’ನಲ್ಲಿ ಇದೆಯೇ ನೋಡಿ. ಎಂ ಇರುವುದು ನಿಧಾನವಾಗಿ ಹೊತ್ತಿಕೊಳ್ಳುವ ಹಿಂದಿನ ಕಾಲದ ಫ್ಲ್ಯಾಶ್ ಬಲ್ಬ್‌ಗಳಿಗಾಗಿ. ಎಲೆಕ್ಟ್ರಾನಿಕ್ ಫ್ಲ್ಯಾಶ್ ಶಟರ್ ತೆರೆಯುವ ಮೊದಲೇ ಉರಿದು ಮುಗಿಯುತ್ತದೆ. ಲಿವರ್ ‘ಎಕ್ಸ್’ನಲ್ಲಿರಬೇಕು. ಆರ್‌ಬಿ67 ಲೆನ್ಸ್‌ಗಳಲ್ಲೂ ಇದನ್ನೇ ಗಮನಿಸಿ. ಜಿಎಫ್ಎಕ್ಸ್‌ನಲ್ಲಿ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬಂದರೆ ಟ್ರಿಗರ್ ತಡವಾಗುತ್ತಿದೆ, 1/100ಕ್ಕೆ ಇಳಿಯಿರಿ. ಫ್ಲ್ಯಾಶ್ ಹೊಡೆಯದೇ ಇದ್ದರೆ ಕ್ಯಾಮೆರಾ ಎಲೆಕ್ಟ್ರಾನಿಕ್ ಶಟರಿನಲ್ಲಿ ಉಳಿದಿರಬಹುದು, ಮೆಕ್ಯಾನಿಕಲ್‌ಗೆ ತನ್ನಿ.

ವಿಮಾನದಲ್ಲಿ ಒಯ್ಯುವವರು ಬ್ಯಾಟರಿಯ ವ್ಯಾಟ್ ಅವರ್ ನೋಡಿಕೊಳ್ಳಿ: ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ಆಯಿತು. ಎಡಿ200 ಪ್ರೊನದು 14.4 × 2.9, ಸುಮಾರು 42. ಎಡಿ600 ಪ್ರೊನದು 28.8 × 2.6, ಸುಮಾರು 75. ಎರಡೂ 100ರ ಮಿತಿಯೊಳಗೇ ಇವೆ. ಬಿಡಿ ಬ್ಯಾಟರಿಗಳನ್ನು ಚೆಕ್‌ಇನ್ ಲಗೇಜಿಗೆ ಹಾಕುವಂತಿಲ್ಲ. ತುದಿಗಳಿಗೆ ಟೇಪ್ ಅಂಟಿಸಿ ಕೈಚೀಲದಲ್ಲೇ ಇಟ್ಟುಕೊಳ್ಳಿ.