ರ್ಯಾಪಿಡ್‌ಮೈನರ್‌ನಲ್ಲಿ ಬೇಕಾದ ಕೆಲಸ ಮಾತ್ರ ಓಡಿಸುವುದು ಹೇಗೆ?

ರ್ಯಾಪಿಡ್‌ಮೈನರ್ ಅಂದರೆ ಡೇಟಾ ಕೆಲಸದ ಸಾಫ್ಟ್‌ವೇರ್. ಅದರಲ್ಲಿ ಒಂದೊಂದು ಹೆಜ್ಜೆಗೂ ಒಂದು ಆಪರೇಟರ್ ಇಟ್ಟು, ವೈರ್‌ನಿಂದ ಜೋಡಿಸುತ್ತೇವೆ, ಆ ಇಡೀ ಚಿತ್ರವೇ ಪ್ರಾಸೆಸ್. ಒಂದೇ ಪ್ರಾಸೆಸ್‌ನಲ್ಲಿ ಮೂರು ಕೆಲಸ ಇಟ್ಟಿದ್ದೀರಿ ಅಂದುಕೊಳ್ಳಿ. ರಾಯಚೂರಿನ ಹತ್ತಿ ದರ, ಗಂಗಾವತಿಯ ಭತ್ತದ ದರ, ತುಂಗಭದ್ರಾ ಡ್ಯಾಮಿನ ನೀರಿನ ಮಟ್ಟ. ಒಂದಕ್ಕೊಂದು ಸಂಬಂಧ ಇಲ್ಲ. ಮಾರುಕಟ್ಟೆಗೆ ರಜೆ ಇದ್ದ ದಿನ ಹತ್ತಿಯ ಫೈಲ್ ಇರುವುದಿಲ್ಲ, ಡ್ಯಾಮಿನ ಫೈಲ್ ಮಾತ್ರ ಇರುತ್ತದೆ. ಹಾಗಂತ ದಿನಾ ಆಪರೇಟರ್‌ಗಳನ್ನು ಕೈಯಿಂದಲೇ ಡಿಸೇಬಲ್ ಮಾಡುತ್ತಾ ಕೂರುವುದು ಬೇಡ.

ಹುಡುಕಿದರೆ ಮೊದಲು ಸಿಗುವುದು ಸೆಲೆಕ್ಟ್ ಸಬ್‌ಪ್ರಾಸೆಸ್ ಎಂಬ ಆಪರೇಟರ್. ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ, ಯಾಕಂದ್ರೆ ಅದು ಇರುವುದರಲ್ಲಿ ಒಂದನ್ನು ಮಾತ್ರ ಆರಿಸಿ ಓಡಿಸುತ್ತದೆ. ನಮಗೆ ಒಮ್ಮೆ ಎರಡು ಬೇಕು, ಒಮ್ಮೆ ಮೂರೂ ಬೇಕು. ಹಾಗಾಗಿ ಪ್ರತಿ ಕೆಲಸಕ್ಕೂ ಒಂದೊಂದು ಬ್ರಾಂಚ್ ಆಪರೇಟರ್ ಹಾಕಿ. ಅದು ಒಂದು ಶರತ್ತು (ಕಂಡೀಷನ್) ನೋಡುತ್ತದೆ, ನಿಜವಾದರೆ ದೆನ್ ಪೆಟ್ಟಿಗೆಯಲ್ಲಿರುವುದನ್ನು, ಇಲ್ಲದಿದ್ದರೆ ಎಲ್ಸ್ ಪೆಟ್ಟಿಗೆಯಲ್ಲಿರುವುದನ್ನು ಓಡಿಸುತ್ತದೆ. ಅವುಗಳ ನಡುವೆ ವೈರ್ ಎಳೆಯಬೇಡಿ.

ಬ್ರಾಂಚ್‌ನಲ್ಲಿ ಕಂಡೀಷನ್ ಟೈಪ್ ಅನ್ನು ಫೈಲ್ ಎಕ್ಸಿಸ್ಟ್ಸ್ ಎಂದು ಇಟ್ಟು, ಕಂಡೀಷನ್ ವ್ಯಾಲ್ಯೂನಲ್ಲಿ ಫೈಲಿನ ದಾರಿ (ಪಾತ್) ಕೊಡಿ. ಫೈಲ್ ಓದುವ ಆಪರೇಟರ್ ದೆನ್ ಪೆಟ್ಟಿಗೆಯ ಒಳಗೇ ಇರಬೇಕು, ಇದನ್ನು ಮಾತ್ರ ಮರೆಯಬೇಡಿ. ಅದನ್ನು ಹೊರಗಿಟ್ಟು ವೈರ್‌ನಿಂದ ಬ್ರಾಂಚ್‌ಗೆ ಜೋಡಿಸಿದರೆ ಶರತ್ತು ನೋಡುವ ಮೊದಲೇ ಅದು ಓಡುತ್ತದೆ, ಫೈಲ್ ಸಿಗದೆ ಇಡೀ ಪ್ರಾಸೆಸ್ ನಿಂತುಬಿಡುತ್ತದೆ. ಎಲ್ಸ್ ಪೆಟ್ಟಿಗೆ ಖಾಲಿ ಇರಲಿ. ಇನ್ನೊಂದು ವಿಷಯ, ನಿನ್ನೆಯ ಫೈಲ್ ಅದೇ ಹೆಸರಲ್ಲಿ ಅಲ್ಲೇ ಬಿದ್ದಿದ್ದರೆ ಶರತ್ತು ಇವತ್ತೂ ನಿಜವೇ ಆಗುತ್ತದೆ, ಅಲ್ವಾ? ಅದಕ್ಕೆ ಫೈಲಿನ ಹೆಸರಲ್ಲೇ ತಾರೀಖು ಇರಲಿ. ಮ್ಯಾಕ್ರೋ ಅಂದರೆ ಒಂದು ಅಂಕಿಯನ್ನೋ ಪದವನ್ನೋ ಹೆಸರು ಕೊಟ್ಟು ಇಟ್ಟುಕೊಳ್ಳುವ ಜಾಗ. ಜನರೇಟ್ ಮ್ಯಾಕ್ರೋ ಆಪರೇಟರ್‌ನಿಂದ ಇವತ್ತಿನ ತಾರೀಖು ತಯಾರಿಸಿ ಅದನ್ನು ದಾರಿಯೊಳಗೆ ಸೇರಿಸಿ.

ಫೈಲ್ ಇದ್ದರೂ ಓಡಿಸಬೇಕೋ ಬೇಡವೋ ಎಂದು ನೀವೇ ಹೇಳಬೇಕಾದರೆ ಸೆಟ್ ಮ್ಯಾಕ್ರೋ ಬಳಸಿ, ಓಡಬೇಕಾದರೆ 1, ಬೇಡವಾದರೆ 0 ಎಂದು ಮ್ಯಾಕ್ರೋದಲ್ಲಿ ಇಡಿ. ಆಗ ಕಂಡೀಷನ್ ಟೈಪ್ ಎಕ್ಸ್‌ಪ್ರೆಶನ್ (ನೀವೇ ಬರೆಯುವ ಸೂತ್ರ) ಆಗಬೇಕು. ಮ್ಯಾಕ್ರೋ ಡಿಫೈನ್ಡ್ ಅಂತ ಒಂದು ಆಯ್ಕೆ ಇದೆ, ಅದಕ್ಕೆ ಮೋಸ ಹೋಗಬೇಡಿ. ಅದು ಮ್ಯಾಕ್ರೋ ಇದೆಯೋ ಇಲ್ಲವೋ ಅಂತಷ್ಟೇ ನೋಡುತ್ತದೆ, ಒಳಗೆ 0 ಇದ್ದರೂ ದೆನ್ ಭಾಗವೇ ಓಡುತ್ತದೆ. ಎಕ್ಸ್‌ಪ್ರೆಶನ್‌ನಲ್ಲಿ ಮ್ಯಾಕ್ರೋ ಒಳಗಿರುವುದು ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ ಬರುತ್ತದೆ, ಹಾಗಾಗಿ 1 ಇದೆಯಾ ಎಂದು ನೋಡುವಾಗ "1" ಎಂದು ಕೋಟ್ ಒಳಗೆ ಬರೆಯಿರಿ. ಲೆಕ್ಕದ ಹೋಲಿಕೆ ಆದರೆ ಪಾರ್ಸ್ ಫಂಕ್ಷನ್‌ನಿಂದ ಮೊದಲು ಸಂಖ್ಯೆ ಮಾಡಿಕೊಳ್ಳಿ. ಉದಾಹರಣೆಗೆ ಡ್ಯಾಮಿನ ಪೂರ್ಣ ಮಟ್ಟ 1633 ಅಡಿ. ಅದಕ್ಕಿಂತ ತುಂಬಾ ಜಾಸ್ತಿ ಅಂಕಿ ಬಂದರೆ ಯಾರೋ ತಪ್ಪಾಗಿ ಟೈಪ್ ಮಾಡಿದ್ದಾರೆ ಅಂತಲೇ ಅರ್ಥ. ಎಕ್ಸ್‌ಟ್ರಾಕ್ಟ್ ಮ್ಯಾಕ್ರೋದಿಂದ ಆ ಅಂಕಿ ತೆಗೆದು, ಒಳಗಿನ ಇನ್ನೊಂದು ಬ್ರಾಂಚ್‌ನಲ್ಲಿ ತಡೆಯಬಹುದು.

ಸೆಟ್ ಮ್ಯಾಕ್ರೋಗೂ ಬ್ರಾಂಚ್‌ಗೂ ನಡುವೆ ವೈರ್ ಇಲ್ಲದಿದ್ದರೆ ಯಾವುದು ಮೊದಲು ಓಡುತ್ತದೆ ಎಂದು ಚಿತ್ರ ನೋಡಿ ಹೇಳಲಾಗದು. ಎಕ್ಸಿಕ್ಯೂಷನ್ ಆರ್ಡರ್ ತೋರಿಸುವ ಬಟನ್ ಒತ್ತಿದರೆ ಆಪರೇಟರ್‌ಗಳ ಮೇಲೆ ಸಂಖ್ಯೆ ಕಾಣುತ್ತದೆ. ಸೆಟ್ ಮ್ಯಾಕ್ರೋ ಮೊದಲು ಬರುವಂತೆ ಅಲ್ಲೇ ಬದಲಿಸಿ.

ಫೈಲ್ ಇದ್ದೂ ಒಳಗೆ ಕೆಟ್ಟಿರಬಹುದು. ಅದಕ್ಕೆ ದೆನ್ ಒಳಗಿನ ಕೆಲಸವನ್ನು ತಪ್ಪಾದರೂ ಪ್ರಾಸೆಸ್ ನಿಲ್ಲದಂತೆ ನೋಡಿಕೊಳ್ಳುವ ಹ್ಯಾಂಡಲ್ ಎಕ್ಸೆಪ್ಷನ್ ಆಪರೇಟರ್‌ನ ಟ್ರೈ ಭಾಗದಲ್ಲಿ ಇಡಿ, ಹತ್ತಿ ಕೈಕೊಟ್ಟರೂ ಭತ್ತ ಓಡುತ್ತದೆ. ಎಲ್ಲ ಮುಗಿದ ಮೇಲೆ ಬೇಕಂತಲೇ ಹತ್ತಿ ಫೈಲಿನ ಹೆಸರು ಬದಲಿಸಿ ಒಮ್ಮೆ ರನ್ ಮಾಡಿ. ಭತ್ತ, ಡ್ಯಾಮ್ ಎರಡರ ಫಲಿತಾಂಶವೂ ಬರಬೇಕು, ಹತ್ತಿಯದು ಬರಬಾರದು.